‘ಅಸುರ’ ಎಂದರೆ ಅ + ಸುರ ಹೌದೋ ಅಲ್ಲವೋ: ಪದಪಾಠ, ಸ್ವರ, ಪ್ರಯೋಗ ಮುಂದಿಟ್ಟುಕೊಂಡು ಚರ್ಚೆ

ಕಡಲತಡಿ
ಅಸುರ ಪದಕ್ಕೆ ಮೂರು ವಿವರಣೆ ಚಾಲ್ತಿಯಲ್ಲಿವೆ. ಒಂದು, ಸುರರಲ್ಲದವರು ಅಸುರರು. ಎರಡು, ಸುರೆಯನ್ನು ಒಲ್ಲದವರು. ಇದು ರಾಮಾಯಣದ ಬಾಲಕಾಂಡದ ಸಮುದ್ರಮಥನದಲ್ಲಿ ಬರುತ್ತದೆ: ವಾರುಣಿಯನ್ನು ದಿತಿಯ ಮಕ್ಕಳು ಒಲ್ಲೆ ಎಂದರು, ಅದಿತಿಯ ಮಕ್ಕಳು ತೆಗೆದುಕೊಂಡರು. ಮೂರು, ಅಸು ಎಂದರೆ ಪ್ರಾಣ, ಅಸು + ರ = ಪ್ರಾಣವಂತ. ಶಾಕಲ್ಯರ ಪದಪಾಠದಲ್ಲಿ (ಋಗ್ವೇದವನ್ನು ಪದ ಪದವಾಗಿ ಬಿಡಿಸಿದ ಪಾಠ) ‘ಅಸುರಃ’ ಎಂದು ಅವಗ್ರಹ (ಸಮಾಸದ ಭಾಗಗಳ ನಡುವೆ ಇಡುವ ‘ಽ’ ಗುರುತು) ಇಲ್ಲದೆ ಇಡಿಯಾಗಿದೆ, ಆದ್ದರಿಂದ ಅ + ಸುರ ತಪ್ಪೆಂದು ಸಾಬೀತಾಯಿತು ಅಂತ ಕೆಲವರ ವಾದ. ಈ ವಾದ ನಿಲ್ಲುತ್ತದೆಯೇ? ಮೂರರಲ್ಲಿ ಯಾವುದು ಸರಿ?

ಅವಗ್ರಹ
ಪದಪಾಠದ ವಾದ ನಿಲ್ಲುವುದಿಲ್ಲ. ಅವಗ್ರಹ ಹಾಕಿ ಸಮಾಸ ಒಡೆಯುವುದು ಪದಪಾಠದ ಕ್ರಮ, ನಿಜ: ಪುರೋಹಿತಂ ಅನ್ನುವುದನ್ನು ‘ಪುರಃಽಹಿತಂ’ ಎಂದು ತೋರಿಸುತ್ತದೆ. ಆದರೆ ನಿಷೇಧದ ಅ-, ಅನ್- ಸೇರಿದ ಪದವನ್ನು ಋಗ್ವೇದ ಪದಪಾಠ ಒಡೆಯುವ ಪದ್ಧತಿಯೇ ಇಲ್ಲ. ಎಲ್ಲರೂ ನಞ್ ಸಮಾಸ (ನಿಷೇಧದ ಅ- ಸೇರಿದ ಸಮಾಸ) ಅಂತ ಒಪ್ಪುವ ‘ಅವಿದ್ವಾನ್’ ಕೂಡ ಅಲ್ಲಿ ಇಡಿಯಾಗಿಯೇ ಇದೆ. ಹಾಗಾಗಿ ಅವಗ್ರಹ ಇಲ್ಲದಿರುವುದು ಎರಡೂ ಕಡೆಗೆ ಸಾಕ್ಷಿಯಲ್ಲ. ಪದಪಾಠ ಏನು ಒಡೆಯುತ್ತದೆ, ಏನು ಒಡೆಯುವುದಿಲ್ಲ ಅಂತ ತಿಳಿಯದೆ ಅದನ್ನು ಸಾಕ್ಷಿಗೆ ಕರೆದರೆ ಇಂಥ ಎಡವಟ್ಟಾಗುತ್ತದೆ.

ಇಲ್ಲಿ ಸ್ವರ, ಅಂದರೆ ಉಚ್ಚಾರದ ಏರಿಳಿತ, ನೋಡಬೇಕು. ತ್ರೈಸ್ವರ್ಯ ಅವರು ಬರೆದರೆ ಚೆನ್ನ.

ತ್ರೈಸ್ವರ್ಯ
ಸರಿ, ಒಂದೇ ಸಾಲು ತೆಗೆದುಕೊಳ್ಳೋಣ. ಋಗ್ವೇದ 1.35.10 (ಮಂಡಲ, ಸೂಕ್ತ, ಋಕ್ಕು), ಸವಿತೃ ಸೂಕ್ತ:

ಹಿರ॑ಣ್ಯಹಸ್ತೋ॒ ಅಸು॑ರಃ ಸುನೀ॒ಥಃ ಸು॑ಮೃಳೀ॒ಕಃ

‘ಅಸುರಃ’ ಇಲ್ಲಿ ಆದ್ಯುದಾತ್ತ, ಅಂದರೆ ‘ಅ’ ಮೇಲೆ ಉದಾತ್ತ (ಎತ್ತರದ ಸ್ವರ). ಅಕ್ಕಪಕ್ಕದ ಪದಗಳನ್ನೂ ನೋಡಿ. ‘ಹಿರಣ್ಯಹಸ್ತಃ’ ಬಹುವ್ರೀಹಿ, ಪಾಣಿನಿಯ ವ್ಯಾಕರಣಸೂತ್ರ 6.2.1ರಂತೆ ಪೂರ್ವಪದದ ಸ್ವರ ಉಳಿದಿದೆ, ಉದಾತ್ತ ‘ಹಿ’ ಮೇಲೆ. ‘ಸುನೀಥಃ’, ‘ಸುಮೃಳೀಕಃ’ ಕೂಡ ಬಹುವ್ರೀಹಿಯೇ, ಆದರೆ ಉದಾತ್ತ ಕೊನೆಗೆ ಹೋಗಿದೆ. ಕಾರಣ 6.2.172 ‘ನಞ್ಸುಭ್ಯಾಮ್’: ನಞ್ ಅಥವಾ ಸು ಮೊದಲಿದ್ದರೆ ಬಹುವ್ರೀಹಿ ಅಂತೋದಾತ್ತ.

ಈಗ ಎರಡನೇ ವಿವರಣೆಯನ್ನು ಇದರ ಪಕ್ಕಕ್ಕಿಡಿ. ‘ಸುರೆ ಇಲ್ಲದವನು’ ಎಂದರೆ ನಞ್ ಬಹುವ್ರೀಹಿ. ಹಾಗಿದ್ದರೆ ಸುನೀಥನ ಹಾಗೆ ಉದಾತ್ತ ಕೊನೆಯ ‘ರ’ ಮೇಲೆ ಬರಬೇಕಿತ್ತು. ಬಂದಿಲ್ಲ. ಅಜರ, ಅಮೃತ ಮುಂತಾದ ಕೆಲವಕ್ಕೆ 6.2.116 ಬೇರೆ ಸ್ವರ ಹೇಳುತ್ತದೆ, ಆ ಪಟ್ಟಿಯಲ್ಲೂ ಸುರ ಇಲ್ಲ. ರಾಮಾಯಣದ್ದು ಕಥೆಯ ಸೊಗಸಿಗಾಗಿ ಬಂದ ನಿರ್ವಚನ (ಪದದ ಹುಟ್ಟಿನ ವಿವರಣೆ), ವೇದದ ಪದಕ್ಕೆ ಹೊಂದುವುದಿಲ್ಲ.

ಮೊದಲನೆಯದು ಮಾತ್ರ ಸ್ವರಪರೀಕ್ಷೆಯಲ್ಲಿ ಪಾಸಾಗುತ್ತದೆ. ‘ಸುರನಲ್ಲದವನು’ ನಞ್ ತತ್ಪುರುಷ, ಅಲ್ಲಿ ಪೂರ್ವಪದವಾದ ಅವ್ಯಯದ ಸ್ವರ ಉಳಿಯುತ್ತದೆ (6.2.2), ಆದ್ದರಿಂದ ಆದ್ಯುದಾತ್ತವೇ ಸರಿ. ಎರಡರ ವ್ಯತ್ಯಾಸ ಒಂದೇ ಸಾಲಿನಲ್ಲಿ ಬೇಕೆಂದರೆ 1.120.2 ನೋಡಿ: ‘ಅವಿದ್ವಾನ್’ ತತ್ಪುರುಷ, ಆದ್ಯುದಾತ್ತ. ಅದೇ ಸಾಲಿನ ‘ಅಚೇತಾಃ’ ಬಹುವ್ರೀಹಿ, ಅಂತೋದಾತ್ತ.

ಹೊಸಬ_ಓದುಗ
ಸರ್, ಒಂದು ಅನುಮಾನ. ನೀವು ‘ಅ’ ಮೇಲೆ ಉದಾತ್ತ ಅಂದಿರಿ. ಆದರೆ ಮೇಲುಗೀಟು ಇರುವುದು ‘ಸು’ ಮೇಲೆ. ಅದೇ ಉದಾತ್ತ ಅಲ್ಲವೇ? ಇನ್ನೊಂದು, 1.24.14ರಲ್ಲಿ ವರುಣನಿಗೆ ‘ಅಸುರ’ ಅಂತಿದೆ, ಅಲ್ಲಿ ಗೀಟೇ ಇಲ್ಲ.

ತ್ರೈಸ್ವರ್ಯ
ಎರಡೂ ಒಳ್ಳೆಯ ಪ್ರಶ್ನೆ. ಹೊಸದಾಗಿ ಓದುವವರಲ್ಲಿ ಹೆಚ್ಚಿನವರು ಇಲ್ಲೇ ಜಾರುವುದು.

ಋಗ್ವೇದದ ಪುಸ್ತಕಗಳಲ್ಲಿ ಉದಾತ್ತಕ್ಕೆ ಗುರುತೇ ಇಲ್ಲ. ಅಡಿಗೀಟು ಅನುದಾತ್ತ (ತಗ್ಗಿನ ಸ್ವರ), ಮೇಲುಗೀಟು ಸ್ವರಿತ (ಎತ್ತರದಿಂದ ಇಳಿಯುವ ಸ್ವರ). ಮೊದಲ ಋಕ್ಕಿನಲ್ಲೇ ಅಭ್ಯಾಸ ಮಾಡಿ:

ಅ॒ಗ್ನಿಮೀ॑ಳೇ ಪು॒ರೋಹಿ॑ತಂ

‘ಅ’ಕ್ಕೆ ಅಡಿಗೀಟು, ಅದರ ಮುಂದಿನ ‘ಗ್ನಿ’ ಬರಿದು, ಅದೇ ಉದಾತ್ತ. ಉದಾತ್ತದ ಮುಂದಿನ ‘ಮೀ’ ಸ್ವರಿತ. ಆಮೇಲಿನ ‘ಳೇ’ ಕೂಡ ಬರಿದು, ಆದರೆ ಅದು ಉದಾತ್ತವಲ್ಲ, ಪ್ರಚಯ (ಸ್ವರಿತದ ನಂತರ ಗುರುತಿಲ್ಲದೆ ಬರುವ ಅನುದಾತ್ತ). ಮುಂದೆ ಉದಾತ್ತ ಬರುತ್ತದೆ ಎನ್ನುವಾಗ ಅದರ ಹಿಂದಿನ ‘ಪು’ಗೆ ಅಡಿಗೀಟು, ‘ರೋ’ ಉದಾತ್ತ, ‘ಹಿ’ ಸ್ವರಿತ. ಅಂದರೆ ಅಡಿಗೀಟಿನ ನೇರ ಮುಂದೆ ಬರಿದಾಗಿರುವುದು ಉದಾತ್ತ. ಸ್ವರಿತದ ಮುಂದೆ ಬರಿದಾಗಿರುವುದೆಲ್ಲ ಪ್ರಚಯ, ಮುಂದಿನ ಅಡಿಗೀಟು ಬರುವವರೆಗೆ. ಸಾಲಿನ ಆರಂಭದಲ್ಲೇ ಬರಿದಿದ್ದರೆ ಅದು ಉದಾತ್ತ, ‘ಹಿರಣ್ಯಹಸ್ತಃ’ದ ‘ಹಿ’ ಹಾಗೆ.

1.24.14ರ ‘ಅಸುರ’ ಸಂಬೋಧನೆ. ಪಾದದ ಮೊದಲಲ್ಲಿಲ್ಲದ ಸಂಬೋಧನೆಗೆ ಉದಾತ್ತ ಇರುವುದಿಲ್ಲ (8.1.19). ಅಲ್ಲಿ ಅದು ಹಿಂದಿನ ಸ್ವರಿತದ ನೆರಳಲ್ಲಿ ಇಡಿಯಾಗಿ ಪ್ರಚಯ. ಪಾದದ ಮೊದಲಿಗೆ ಬಂದರೆ ಸಂಬೋಧನೆ ಯಾವ ಪದವಾದರೂ ಆದ್ಯುದಾತ್ತವಾಗುತ್ತದೆ (6.1.198). ಹೀಗಾಗಿ ಒಂದು ಪದದ ಸ್ವಂತ ಸ್ವರ ತಿಳಿಯಬೇಕಾದರೆ ಸಂಬೋಧನೆಯ ಪ್ರಯೋಗ ಬಿಟ್ಟು, ಪ್ರಥಮಾ ದ್ವಿತೀಯಾ ವಿಭಕ್ತಿಯ ಪ್ರಯೋಗ ಹುಡುಕಬೇಕು.

ಈ ಲೆಕ್ಕವನ್ನು ಶತಪಥ ಬ್ರಾಹ್ಮಣಕ್ಕೆ ಒಯ್ಯಬೇಡಿ. ಅಲ್ಲಿ ಅಡಿಗೀಟು ಇರುವುದೇ ಉದಾತ್ತಕ್ಕೆ, ಎಲ್ಲವೂ ತಿರುಗುಮುರುಗಾಗುತ್ತದೆ. ಸಾಮವೇದ ಸಂಹಿತೆಯಲ್ಲಿ ಅಕ್ಷರದ ಮೇಲೆ 1, 2, 3 ಅಂಕಿ, 1 ಅಂದರೆ ಉದಾತ್ತ.

ಲಿಪಿಕಾರ
ಫೋನಿನಲ್ಲಿ ಓದುವವರಿಗೆ ಇದಕ್ಕೆ ಸೇರಿದ ಒಂದು ತಾಂತ್ರಿಕ ಮಾತು. ಯೂನಿಕೋಡ್‌ನಲ್ಲಿ ಮೇಲುಗೀಟಿನ ಸಂಖ್ಯೆ 0951, ಅಡಿಗೀಟು 0952. ಎರಡೂ ದೇವನಾಗರಿ ವಿಭಾಗದಲ್ಲಿವೆ, ಕನ್ನಡ ಅಕ್ಷರಕ್ಕೂ ಅವನ್ನೇ ಹಾಕುತ್ತೇವೆ. ತಮಾಷೆ ಏನೆಂದರೆ 0951ಕ್ಕೆ ಯೂನಿಕೋಡ್ ಕೊಟ್ಟ ಹೆಸರೇ ‘ಉದಾತ್ತ’, ಬಳಕೆಯಾಗುವುದು ಬಹುಪಾಲು ಸ್ವರಿತಕ್ಕೆ. ಹೆಸರು ನಂಬಿ ಹುಡುಕುಪಟ್ಟಿ ಮಾಡಿದರೆ ಎಲ್ಲ ಉದಾತ್ತಗಳೂ ಒಂದೊಂದು ಅಕ್ಷರ ಮುಂದೆ ಜರುಗಿಬಿಡುತ್ತವೆ.

ಕೆಲವು ಕನ್ನಡ ಫಾಂಟ್‌ಗಳಲ್ಲಿ ಈ ಗೀಟು ಅಕ್ಷರಕ್ಕೆ ಅಂಟದೆ ಚುಕ್ಕಿವೃತ್ತದ ಮೇಲೆ ಕೂರುತ್ತದೆ, ಅಥವಾ ಒತ್ತಕ್ಷರದ ಜೊತೆ ಕಲಸಿಹೋಗುತ್ತದೆ. ಕಾಪಿ ಮಾಡಿ ಅಂಟಿಸುವಾಗ ಗೀಟು ಉದುರಿಹೋಗುವುದೂ ಉಂಟು. ಒಂದು ಉದುರಿದರೂ ಉದಾತ್ತ ಯಾವುದು, ಪ್ರಚಯ ಯಾವುದು ತಿಳಿಯುವುದಿಲ್ಲ. ಸ್ವರದ ಮೇಲೆ ವಾದ ಕಟ್ಟುವ ಮುನ್ನ ಮುದ್ರಿತ ಪುಸ್ತಕದ ಜೊತೆ ಒಮ್ಮೆ ತಾಳೆ ನೋಡಿ.

ಮಲೆನಾಡಿಗ
ಹಾಗಾದರೆ ಅಸು + ರ ಸರಿ ಅಂತಾಯಿತಲ್ಲ ಮಾರಾಯ್ರೆ. ವೇದಪದಗಳ ವ್ಯುತ್ಪತ್ತಿ ಹೇಳುವ ‘ನಿರುಕ್ತ’ ಬರೆದ ಯಾಸ್ಕರೂ ಅದನ್ನೇ ಹೇಳಿದ್ದು.

ತ್ರೈಸ್ವರ್ಯ
ಅಷ್ಟು ಸುಲಭ ಇಲ್ಲ. ‘ಉಳ್ಳವನು’ ಅರ್ಥದ ರ-ಪ್ರತ್ಯಯಕ್ಕೆ ಪಾಣಿನಿಯ ಸೂತ್ರ 5.2.107, ‘ಊಷಸುಷಿಮುಷ್ಕಮಧೋ ರಃ’. ಪಟ್ಟಿಯಲ್ಲಿ ಮಧು ಇದೆ (ಮಧುರ), ಅಸು ಇಲ್ಲ. ಇದ್ದರೂ, ಪ್ರತ್ಯಯ ಸ್ವತಃ ಉದಾತ್ತ (3.1.3), ಹಾಗಾಗಿ ‘ಮಧುರ’ ಅಂತೋದಾತ್ತ. ಅಸು + ರ ಅದೇ ದಾರಿ ಹಿಡಿದರೆ ಅದೂ ಅಂತೋದಾತ್ತ ಆಗಬೇಕಿತ್ತು. ನಮ್ಮಲ್ಲಿರುವುದು ಆದ್ಯುದಾತ್ತ.

ಈ ತೊಡಕು ಹಳಬರಿಗೆ ಗೊತ್ತಿತ್ತು ಅನ್ನಿಸುತ್ತದೆ. ಉಣಾದಿಸೂತ್ರ (ಪಾಣಿನಿಯ ವ್ಯಾಕರಣಕ್ಕೆ ಪೂರಕವಾದ ಪ್ರತ್ಯಯಗಳ ಪಟ್ಟಿ) ಬೇರೆ ದಾರಿ ಹಿಡಿಯುತ್ತದೆ: ‘ಅಸೇರುರನ್’, ಅಸ್ ಧಾತುವಿಗೆ ಉರನ್ ಪ್ರತ್ಯಯ. ಕೊನೆಯ ‘ನ್’ ಉಚ್ಚಾರಕ್ಕಲ್ಲ, ಸ್ವರಕ್ಕೆ. ನಿತ್ ಪ್ರತ್ಯಯ (ಹೀಗೆ ‘ನ್’ ಗುರುತಿರುವುದು) ಬಂದರೆ ಪದ ಆದ್ಯುದಾತ್ತ (6.1.197). ಆ ಒಂದು ‘ನ್’ ಇಟ್ಟದ್ದೇ ಕಿವಿಗೆ ಕೇಳುತ್ತಿದ್ದ ಸ್ವರ ಹೊಂದಿಸಲಿಕ್ಕೆ.

ನಿರುಕ್ತಪ್ರಿಯ
ಯಾಸ್ಕರು ಹೇಳಿದ್ದು ಒಂದಲ್ಲ, ನಾಲ್ಕು. ನಿರುಕ್ತ 3.8 ಬಿಡಿಸಿ ನೋಡಿ: ಸ್ಥಾನಗಳಲ್ಲಿ ಚೆನ್ನಾಗಿ ನೆಲೆನಿಲ್ಲದವರು (ಅ-ಸು-ರತಾಃ), ಸ್ಥಾನಗಳಿಂದ ಎಸೆಯಲ್ಪಟ್ಟವರು (ಅಸ್ ಧಾತು), ಅಸು ಅಂದರೆ ಪ್ರಾಣ, ಅದು ಉಳ್ಳವರು, ಕೊನೆಗೆ ‘ಸು’ ಎಂಬುದರಿಂದ ದೇವತೆಗಳನ್ನೂ ‘ಅಸು’ ಎಂಬುದರಿಂದ ಅಸುರರನ್ನೂ ಸೃಷ್ಟಿಸಿದ ಎಂಬ ಬ್ರಾಹ್ಮಣಗ್ರಂಥದ ವಾಕ್ಯ. ‘ಇತಿ ವಾ’, ‘ಅಪಿ ವಾ’ ಎಂದು ಪಕ್ಕಪಕ್ಕ ಇಡುತ್ತಾರೆ, ಇದೇ ಕೊನೆ ಮಾತು ಅನ್ನುವುದಿಲ್ಲ. ಅದರಲ್ಲೊಂದನ್ನೇ ಕಿತ್ತು ‘ಯಾಸ್ಕರ ಪ್ರಕಾರ’ ಅನ್ನುವುದು ಅವರಿಗೂ ನ್ಯಾಯವಲ್ಲ. ಮೇಲಾಗಿ ಈ ನಿರ್ವಚನ ಬರುವುದು 10.53.4ರ ಸಂದರ್ಭದಲ್ಲಿ. ಅಲ್ಲಿ ಅಸುರರು ದೇವತೆಗಳು ಗೆಲ್ಲಬೇಕಾದ ಎದುರಾಳಿಗಳು, ಹಾಗಾಗಿ ಮೊದಲೆರಡು ನಿರ್ವಚನಗಳು ಶತ್ರುವಿನ ಅರ್ಥಕ್ಕೆ ಒಪ್ಪುವಂಥವು.

ನಿರ್ವಚನದ ಕ್ರಮವನ್ನು ಅವರೇ 2.1ರಲ್ಲಿ ಹೇಳಿದ್ದಾರೆ. ಸ್ವರ, ಸಂಸ್ಕಾರ (ವ್ಯಾಕರಣದಂತೆ ಪದ ರೂಪುಗೊಳ್ಳುವುದು) ಎರಡೂ ಅರ್ಥದೊಡನೆ ಹೊಂದಿದರೆ ವ್ಯಾಕರಣದ ದಾರಿ. ಹೊಂದದಿದ್ದರೆ ‘ಅರ್ಥನಿತ್ಯಃ ಪರೀಕ್ಷೇತ’, ಅರ್ಥವನ್ನು ಗಟ್ಟಿ ಹಿಡಿದು ಪರೀಕ್ಷಿಸಬೇಕು. ಅದೂ ಆಗದಿದ್ದರೆ ಅಕ್ಷರ, ವರ್ಣದ ಹೋಲಿಕೆ. ಬಿಟ್ಟುಬಿಡುವಂತೂ ಇಲ್ಲ: ‘ನ ತ್ವೇವ ನ ನಿರ್ಬ್ರೂಯಾತ್’. ಅರ್ಥ ಮೊದಲೇ ಕೈಯಲ್ಲಿರಬೇಕು, ಧಾತು ಹುಡುಕುವುದು ಆಮೇಲೆ. ಈಗಿನವರು ಧಾತುವಿನಿಂದ ಶುರುಮಾಡಿ ಅರ್ಥ ಹುಟ್ಟಿಸುತ್ತಾರೆ, ಯಾಸ್ಕರ ಹೆಸರಿನಲ್ಲಿ. ಯಾರಿಗೆ ಹೇಳಬಾರದು ಅಂತಲೂ 2.3ರಲ್ಲಿ ಪಟ್ಟಿ ಇದೆ, ಅದರ ಮೊದಲ ಹೆಸರೇ ‘ನಾವೈಯಾಕರಣಾಯ’, ವ್ಯಾಕರಣ ಬಾರದವನಿಗೆ ಬೇಡ.

ಅವಗ್ರಹ
ಹಾಗಾದರೆ ಅರ್ಥ ಎಲ್ಲಿಂದ ಹಿಡಿಯುವುದು? ಪ್ರಯೋಗದಿಂದ. ಋಗ್ವೇದದಲ್ಲಿ ಅಸುರ ಬರುವ ಜಾಗಗಳನ್ನು ಸಾಲಾಗಿ ಇಟ್ಟರೆ ಅರ್ಧ ಜಗಳ ಮುಗಿಯುತ್ತದೆ. 1.24.14ರಲ್ಲಿ ವರುಣ, 1.35ರಲ್ಲಿ ಸವಿತೃ, 1.174.1ರಲ್ಲಿ ಇಂದ್ರನಿಗೇ ‘ಪಾಹ್ಯಸುರ ತ್ವಮಸ್ಮಾನ್’ ಎಂಬ ಮೊರೆ, 2.1.6ರಲ್ಲಿ ಅಗ್ನಿ. 3.55ರ 22 ಋಕ್ಕುಗಳಿಗೂ ಒಂದೇ ಪಲ್ಲವಿ: ‘ಮಹದ್ದೇವಾನಾಮಸುರತ್ವಮೇಕಮ್’. ಅಸುರತ್ವ ದೇವತೆಗಳದ್ದೇ, ಅದೂ ಹೊಗಳಿಕೆಯಾಗಿ! ಒಡೆತನ, ಪ್ರಭುತ್ವದ ಅರ್ಥ ಬಿಟ್ಟರೆ ಇಲ್ಲೆಲ್ಲ ಬೇರೆ ಕೂರುವುದಿಲ್ಲ.

ಇನ್ನೊಂದು ಕಡೆ 8.96.9ರ ‘ಅನಾಯುಧಾಸೋ ಅಸುರಾ ಅದೇವಾಃ’, 10.53.4, ಅಗ್ನಿಗೆ 7.13.1ರಲ್ಲಿ, ಸೂರ್ಯನಿಗೆ 10.170.2ರಲ್ಲಿ ‘ಅಸುರರನ್ನು ಕೊಲ್ಲುವವನು’ ಎಂಬ ಬಿರುದು. ವಿರೋಧಿಯ ಅರ್ಥವೂ ಋಗ್ವೇದದ ಒಳಗೇ ಇದೆ, ಆದರೆ ಕಡಿಮೆ. ‘ಋಗ್ವೇದದಲ್ಲಿ ಅಸುರ ಎಂದರೆ ಯಾವಾಗಲೂ ದೇವರೇ’ ಎಂಬ ಮಾತು ಅಷ್ಟಕ್ಕೆ ತಪ್ಪು. ಯಾಸ್ಕರು ವ್ಯಾಖ್ಯಾನಿಸಿದ ವೇದಪದಗಳ ಪಟ್ಟಿ ‘ನಿಘಂಟು’ 1.10 ಅಂತೂ ಇದನ್ನು ಮೋಡದ 30 ಹೆಸರುಗಳಲ್ಲಿ ಸೇರಿಸಿದೆ.

ಅ + ಸುರ ಬೀಳುವುದೂ ಇಲ್ಲೇ. ದೇವತೆ ಎಂಬ ಅರ್ಥದ ‘ಸುರ’ ಋಗ್ವೇದದಲ್ಲಿ ಒಂದು ಕಡೆಯೂ ಇಲ್ಲ. ಮದ್ಯದ ‘ಸುರಾ’ ಇದೆ. ಇಲ್ಲದ ಪದಕ್ಕೆ ‘ಅ’ ಸೇರಿಸಿ ನಿಷೇಧ ಮಾಡುವುದು ಹೇಗೆ? ಆದದ್ದು ತಿರುಗಾಮುರುಗಾ. ಅಸುರ ಎದುರಾಳಿಯ ಹೆಸರಾಗಿ ನಿಂತಮೇಲೆ ಮೊದಲ ‘ಅ’ ನಿಷೇಧದ್ದು ಅಂತ ಕೇಳಿಸಿತು, ಅದನ್ನು ಕಿತ್ತು ‘ಸುರ’ ಹುಟ್ಟಿತು. ‘ಸಿತ’ ಪದವೂ ಹಾಗೆಯೇ, ಕಪ್ಪು ಎಂಬ ‘ಅಸಿತ’ದಿಂದ ‘ಅ’ ಉದುರಿಸಿ ಬಿಳಿಗೆ ಬಂದದ್ದು ಎಂಬುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ.

ಕಡಲತಡಿ
ವೇದಭಾಷ್ಯಕಾರ ಸಾಯಣರು ಏನೆನ್ನುತ್ತಾರೆ?

ನಿರುಕ್ತಪ್ರಿಯ
ಜಾಗಕ್ಕೊಂದು. 1.24.14ರಲ್ಲಿ ವರುಣನಿಗೆ ‘ಅನಿಷ್ಟಕ್ಷೇಪಣಶೀಲ’, ಕೆಡುಕನ್ನು ಎಸೆಯುವವನು, ಅಸ್ ಧಾತುವಿನಿಂದ. 1.35ರಲ್ಲಿ ಸವಿತೃವಿಗೆ ಪ್ರಾಣ ಕೊಡುವವನು. 14ನೇ ಶತಮಾನದ ವಿಜಯನಗರದಲ್ಲಿ, ಬುಕ್ಕರಾಯನ ಆಶ್ರಯದಲ್ಲಿ ಕೂತು ಬರೆಯುವಾಗ ಅಸುರ ಎಂದರೆ ರಾಕ್ಷಸ ಎಂಬುದು ಎಲ್ಲರ ಬಾಯಲ್ಲಿದ್ದ ಅರ್ಥ. ವರುಣನನ್ನು ಹಾಗೆ ಕರೆಯಲಾಗದು. ಹಾಗಾಗಿ ಧಾತು ಹಿಡಿದು ದಾರಿ ಮಾಡಿಕೊಂಡರು. ಸಾಯಣರನ್ನು ತಳ್ಳಿಹಾಕಿ ಅನ್ನುತ್ತಿಲ್ಲ, ಯಜ್ಞದ ವಿನಿಯೋಗ, ವ್ಯಾಕರಣ, ಸ್ವರಪ್ರಕ್ರಿಯೆಗೆ ಅವರಷ್ಟು ಪೂರ್ತಿಯಾಗಿ ಸಿಗುವವರು ಇನ್ನೊಬ್ಬರಿಲ್ಲ. ಆದರೆ ಒಂದೇ ಪದಕ್ಕೆ ಅವರು ಹತ್ತಿರ ಹತ್ತಿರದ ಸೂಕ್ತಗಳಲ್ಲಿ ಬೇರೆ ಬೇರೆ ಧಾತು ತಂದರೆ, ಅಲ್ಲಿ ಪರಂಪರೆಯ ನೆನಪು ಕಡಿದಿದೆ ಎಂಬ ಸೂಚನೆ ಅಂತ ತಿಳಿಯಿರಿ.

ಹೋಲಿಕೆ
ಪ್ರಾಚೀನ ಇರಾನಿನ ಪವಿತ್ರಗ್ರಂಥ ಅವೆಸ್ತಾದ ಮಾತು ಯಾರೂ ಎತ್ತಿಲ್ಲ. ಅಲ್ಲಿ ‘ಅಹುರ’, ಪ್ರಭು. ಸಪ್ತ–ಹಪ್ತ, ಸೋಮ–ಹಓಮ ಹೇಗೋ ಹಾಗೆ ನಿಯಮಬದ್ಧ ಜೋಡಿ. ‘ಅಹು’ ಎಂಬ ಬಿಡಿ ಪದವೂ ಪ್ರಭು ಎಂಬರ್ಥದಲ್ಲಿ ಇದೆ. ಹಾಗಾಗಿ ಅಸು + ರ ಪೂರ್ತಿ ಸುಳ್ಳೆನ್ನಬೇಕಿಲ್ಲ, ಆ ‘ಅಸು’ ಪ್ರಾಣವೋ ಪ್ರಭುವೋ ಎಂಬುದು ಪ್ರಶ್ನೆ. ಹಿಟ್ಟೈಟ್ ಭಾಷೆಯ ‘ಹಶ್ಶು’, ರಾಜ, ಇದಕ್ಕೆ ಸೋದರ ಎನ್ನುವವರಿದ್ದಾರೆ, ಎಲ್ಲರೂ ಒಪ್ಪಿಲ್ಲ.

ಇದರಿಂದ ‘ಇರಾನಿಗರಿಗೂ ಭಾರತೀಯರಿಗೂ ಜಗಳವಾಗಿ ದೇವ, ಅಸುರ ಅದಲುಬದಲಾದವು’ ಎಂಬ ತೀರ್ಮಾನಕ್ಕೆ ಹಾರಬೇಡಿ. ಮೇಲೆ ಕೊಟ್ಟ ಪ್ರಯೋಗಗಳನ್ನೇ ನೋಡಿ: ಋಗ್ವೇದದ ಬಹುಭಾಗದಲ್ಲಿ ಅಸುರ ಗೌರವದ ಪದ, ಬದಲಾವಣೆ ನಿಧಾನವಾಗಿ ಈ ಪಠ್ಯದ ಒಳಗೇ ನಡೆದಿದೆ.

ಹೊಸಬ_ಓದುಗ
ಸ್ವರ ನೋಡಿ ಅರ್ಥ ತೀರ್ಮಾನಿಸುವುದು ಹೊಸ ಕಾಲದವರ ಪದ್ಧತಿಯೇ, ಅಥವಾ ಹಿಂದಿನವರೂ ಮಾಡುತ್ತಿದ್ದರೇ?

ತ್ರೈಸ್ವರ್ಯ
ಯಾಸ್ಕರೇ ಮಾಡಿದ್ದಾರೆ, ಅದೂ ಶಾಕಲ್ಯರ ವಿರುದ್ಧ. 10.29.1ರ ಮೊದಲ ಪಾದ ‘ವನೇ ನ ವಾಯೋ ನ್ಯಧಾಯಿ ಚಾಕನ್’. ಶಾಕಲ್ಯರು ‘ವಾ’, ‘ಯಃ’ ಎಂದು ಎರಡು ಪದ ಮಾಡಿದರು. ನಿರುಕ್ತ 6.28ರಲ್ಲಿ ಯಾಸ್ಕರ ಆಕ್ಷೇಪ: ‘ಉದಾತ್ತಂ ತ್ವೇವಮಾಖ್ಯಾತಮಭವಿಷ್ಯತ್, ಅಸುಸಮಾಪ್ತಶ್ಚಾರ್ಥಃ’. ‘ಯಃ’ ಇದ್ದಿದ್ದರೆ ಅದರ ಕ್ರಿಯಾಪದಕ್ಕೆ ಉದಾತ್ತ ಇರಬೇಕಿತ್ತು, ಪಾಣಿನಿ 8.1.66 ಹೇಳುವ ನಿಯಮವೇ ಇದು. ಆದರೆ ಪದಪಾಠದಲ್ಲಿ ‘ನಿ । ಅ॒ಧಾ॒ಯಿ॒’, ಮೂರಕ್ಕೂ ಅಡಿಗೀಟು. ಜೊತೆಗೆ ‘ಯಾವನು’ ಅಂದಮೇಲೆ ‘ಅವನು’ ಬರಬೇಕು, ವಾಕ್ಯ ಮುಗಿಯುವುದೇ ಇಲ್ಲ. ಆದ್ದರಿಂದ ‘ವಾಯಃ’ ಒಂದೇ ಪದ, ‘ವಿ’ ಅಂದರೆ ಹಕ್ಕಿ, ವಾಯ ಹಕ್ಕಿಯ ಮರಿ. ಮರದಲ್ಲಿ ಇಟ್ಟ ಹಕ್ಕಿಮರಿಯ ಹಾಗೆ.

ಆ ‘ಹಾಗೆ’ ಬಂದದ್ದು ‘ನ’ದಿಂದ. ಲೌಕಿಕ ಸಂಸ್ಕೃತ ಓದಿ ಬಂದವರು ಪ್ರತಿ ‘ನ’ಕ್ಕೂ ‘ಇಲ್ಲ’ ಅಂತ ಅರ್ಥ ಹಾಕಿ ಋಕ್ಕನ್ನೇ ತಲೆಕೆಳಗು ಮಾಡುತ್ತಾರೆ. ನಿರುಕ್ತ 1.4ರ ಗುರುತು: ನಿಷೇಧದ ನ, ನಿಷೇಧಿಸುವ ಮಾತಿನ ಮುಂಚೆ ಬರುತ್ತದೆ (‘ನೇಂದ್ರಂ ದೇವಮಮಂಸತ’). ಉಪಮೆಯ ನ, ಹೋಲಿಸುವ ವಸ್ತುವಿನ ನಂತರ (‘ದುರ್ಮದಾಸೋ ನ ಸುರಾಯಾಮ್’, ಸುರೆ ಕುಡಿದು ಮತ್ತರಾದವರ ಹಾಗೆ). ಇನ್ನೊಂದು ಸುಳಿವು ಛಂದಸ್ಸು. ಉಪಮೆಯ ನ ಮುಂದಿನ ಸ್ವರಾಕ್ಷರದೊಡನೆ ಸಂಧಿಯಾಗಿ ಒಂದು ಅಕ್ಷರವಾಗುವುದಿಲ್ಲ, ಪಾದದ ಅಕ್ಷರ ಎಣಿಸಿದರೆ ಬಿಡಿಯಾಗಿಯೇ ಲೆಕ್ಕ ಸಿಗುತ್ತದೆ.

ಅವಗ್ರಹ
ಸ್ವರದಿಂದ ತಿದ್ದುವಿಕೆ ಹಿಡಿಯುವ ಉದಾಹರಣೆಯೂ ಒಂದಿರಲಿ. 10.18.7ರ ಕೊನೆಯ ಪಾದ ‘ಆ ರೋಹಂತು ಜನಯೋ ಯೋನಿಮಗ್ರೇ’. ಸತಿ ಪದ್ಧತಿಗೆ ಆಧಾರ ಬೇಕೆಂದು ‘ಅಗ್ರೇ’ ಎಂಬುದನ್ನು ‘ಅಗ್ನೇಃ’ ಎಂದು ಓದಲಾಯಿತು. 19ನೇ ಶತಮಾನದಲ್ಲಿ ಎಚ್. ಎಚ್. ವಿಲ್ಸನ್, ಮ್ಯಾಕ್ಸ್ ಮುಲ್ಲರ್ ಇದನ್ನು ಬಯಲಿಗೆಳೆದರು. ಪಠ್ಯದಲ್ಲಿರುವುದು ‘ಯೋನಿ॒ಮಗ್ರೇ॑’, ‘ಅಗ್ರೇ’ ಆದ್ಯುದಾತ್ತ. ‘ಅಗ್ನೇಃ’ ಅಂತೋದಾತ್ತ, ಹಾಗಾಗಿ ‘ಯೋನಿ॑ಮ॒ಗ್ನೇಃ’ ಆಗಬೇಕಿತ್ತು. ಒಂದು ಅಕ್ಷರ ತಿದ್ದಿದರೆ ಸಾಲದು, ಗೀಟುಗಳನ್ನೂ ಜರುಗಿಸಬೇಕು. ಋಕ್ಕಿನ ಮೊದಲ ಮಾತೇ ‘ಇಮಾ ನಾರೀರವಿಧವಾಃ’, ವಿಧವೆಯರಲ್ಲದ ಈ ಹೆಂಗಸರು. ‘ಯೋನಿ’ ನಿಘಂಟು 3.4ರಲ್ಲಿ ಮನೆಯ ಹೆಸರುಗಳಲ್ಲಿ ಒಂದು. ಮುಂದಿನ ಋಕ್ಕು ‘ಉದೀರ್ಷ್ವ ನಾರ್ಯಭಿ ಜೀವಲೋಕಮ್’, ಏಳು, ಬದುಕಿರುವವರ ಲೋಕಕ್ಕೆ ಬಾ, ಎಂದು ವಿಧವೆಯನ್ನು ಎಬ್ಬಿಸುವ ಮಾತು.

ಮಲೆನಾಡಿಗ
ಕನ್ನಡದಲ್ಲಿ ದಿನಾ ಬಳಸುವ ಪದ ಸಿಕ್ಕಿದಾಗ ಅರ್ಥ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇವೆ, ಅದು ದೊಡ್ಡ ತೊಂದರೆ ಅಲ್ವಾ? ಅಂಥ ಪದಗಳ ಪಟ್ಟಿ ಇದ್ದರೆ ಹಾಕಿ.

ನಿರುಕ್ತಪ್ರಿಯ
ಪಟ್ಟಿ ದೊಡ್ಡದಿದೆ, ಸದ್ಯಕ್ಕೆ ಕೆಲವು. ‘ಮೃಗ’ದಲ್ಲಿ ಕನ್ನಡಿಗರಿಗೆ ತೊಂದರೆ ಕಡಿಮೆ. ‘ಮೃಗೋ ನ ಭೀಮಃ’ (1.154.2) ಅಂದರೆ ಭಯಂಕರ ಕಾಡುಪ್ರಾಣಿಯಂತೆ, ನಾವೂ ಕಾಡುಮೃಗ ಅನ್ನುತ್ತೇವೆ, ಜಿಂಕೆ ಅಂತ ಮಾತ್ರ ತಿಳಿಯಬಾರದು. ‘ಅರಿ’ಗೆ ಎಚ್ಚರ: ಯಾಸ್ಕರು 5.7ರಲ್ಲಿ ಶತ್ರು ಎಂದೂ ಒಡೆಯ ಎಂದೂ ಎರಡೂ ಕೊಡುತ್ತಾರೆ, 1.150.1ರಲ್ಲಿ ಶತ್ರು ಅಂತ ಓದಿದರೆ ಭಕ್ತನೇ ಶತ್ರುವಾಗುತ್ತಾನೆ.

ಎಲ್ಲಕ್ಕಿಂತ ಪಾಠವಾಗುವುದು 9.46.4ರ ‘ಗೋಭಿಃ ಶ್ರೀಣೀತ ಮತ್ಸರಮ್’. ಕನ್ನಡದ ಅರ್ಥ ಹಾಕಿದರೆ ‘ಹಸುಗಳ ಜೊತೆ ಹೊಟ್ಟೆಕಿಚ್ಚು ಬೆರೆಸಿ’ ಅಂತಾಗುತ್ತದೆ! ನಿರುಕ್ತ 2.5ರಂತೆ ಇಲ್ಲಿ ‘ಗೋ’ ಹಸುವಲ್ಲ, ಹಸುವಿನಿಂದ ಬಂದ ಹಾಲು. ‘ಮತ್ಸರ’ ಸೋಮರಸ, ತೃಪ್ತಿಪಡಿಸುವುದು ಎಂಬ ಧಾತ್ವರ್ಥದಿಂದ. ಹಾಲಿನೊಂದಿಗೆ ಸೋಮವನ್ನು ಬೆರೆಸಿ, ಇಷ್ಟೇ. ಅದೇ ‘ಗೋಭಿಃ’ 6.47.26ರಲ್ಲಿ ‘ಗೋಭಿಃ ಸನ್ನದ್ಧೋ ಅಸಿ’ ಅಂತ ಬಂದಾಗ ಹಾಲೂ ಅಲ್ಲ. ಅಲ್ಲಿ ಮಾತಾಡಿಸುತ್ತಿರುವುದು ರಥವನ್ನು, ಬಿಗಿದಿರುವುದು ತೊಗಲಿನ ಪಟ್ಟಿಗಳಿಂದ. ಯಾವ ಗೋ ಎಲ್ಲಿ ಎಂಬುದನ್ನು ಪಕ್ಕದ ಕ್ರಿಯಾಪದ ಹೇಳುತ್ತದೆ: ಬೆರೆಸುವುದಾದರೆ ಹಾಲು, ಬಿಗಿಯುವುದಾದರೆ ತೊಗಲು.

ಕಡಲತಡಿ
ಅಂದರೆ ಅಸುರಕ್ಕೂ ಸದ್ಯ ಬರೆದುಕೊಳ್ಳಬೇಕಾದ್ದು: ಅರ್ಥ ಪ್ರಭು, ಆಮೇಲೆ ಎದುರಾಳಿ. ಸುರೆಯ ಕಥೆ ಸ್ವರದಲ್ಲಿ ಬಿತ್ತು, ಅ + ಸುರ ಪ್ರಯೋಗದಲ್ಲಿ ಬಿತ್ತು, ಅಸು + ರ ಇನ್ನೂ ತೂಗುತ್ತಿದೆ. ಸರಿಯೇ?

ತ್ರೈಸ್ವರ್ಯ
ಸರಿ. ಜೊತೆಗೆ ‘ಆದ್ಯುದಾತ್ತ, 1.35.10’ ಅಂತ ಪಕ್ಕದಲ್ಲಿ ಬರೆದಿಡಿ, ಮುಂದಿನ ಸಲ ಇನ್ಯಾರೋ ಹೊಸ ವ್ಯುತ್ಪತ್ತಿ ತಂದಾಗ ಮೊದಲು ಅದನ್ನೇ ಕೇಳಬೇಕಾಗುತ್ತದೆ.